ಅಣಬೆಯ ಮತ್ತು, ಮನಸ್ಸಿನ ಮದ್ದು

ಸೊರಬ ತಾಲೂಕಿನ ಹಳ್ಳಿಯೊಂದರಿಂದ ತಾಯಿಯೊಬ್ಬರು ಬರೆದ ಪತ್ರವು ಈ ತಿಂಗಳ ಲೇಖನಕ್ಕೆ ನಿಮಿತ್ತವಾಗಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಅವರ ಮಗ ಖಿನ್ನತೆಗೆ ತುತ್ತಾಗಿ ಊರಿಗೆ ಮರಳಿದ್ದಾನೆ. ಶಿವಮೊಗ್ಗದ ವೈದ್ಯರು ಕೊಟ್ಟ ಮಾತ್ರೆಗಳನ್ನು ಎರಡು ವರ್ಷಗಳಿಂದ ಸೇವಿಸುತ್ತಿದ್ದಾನೆ. ಈಚೆಗೆ ಅವನು ಮೊಬೈಲಿನಲ್ಲಿ ಏನನ್ನೋ ಓದಿ, ಒಂದು ಜಾತಿಯ ಅಣಬೆಯನ್ನು ಒಂದೇ ಸಲ ಸೇವಿಸಿದರೆ ಮಿದುಳಿನ ಹಾರ್ಮೋನುಗಳೆಲ್ಲ ಸರಿಹೋಗುತ್ತವೆ, ಅದರ ಗುಣ ತಿಂಗಳುಗಟ್ಟಲೆ ನಿಲ್ಲುತ್ತದೆ, ದಿನವೂ ಮಾತ್ರೆ ನುಂಗುವ ಕರ್ಮ ತಪ್ಪುತ್ತದೆ ಎಂದು ಹೇಳತೊಡಗಿದ್ದಾನಂತೆ. "ಮಳೆಗಾಲದಲ್ಲಿ ನಮ್ಮ ಬ್ಯಾಣದಲ್ಲಿ ಸಗಣಿಯ ಮೇಲೆ ಏಳುವ ಅಣಬೆ ಅದೇ ಇರಬಹುದೆ ಗುರುಗಳೇ? ಅವನ ಮಾತು ನಿಜವೋ ಸುಳ್ಳೋ ತಿಳಿಯದೆ ನಾನು ಯಾವ ಬಾಯಿಂದ ಬೇಡವೆನ್ನಲಿ?" ಎಂದು ಆ ತಾಯಿ ಕೇಳಿದ್ದಾರೆ.

ಇಂತಹ ಪ್ರಶ್ನೆಗೆ "ಅದು ಮಾದಕ ವಸ್ತು, ಮುಟ್ಟಕೂಡದು" ಎಂದು ಒಂದು ಸಾಲಿನಲ್ಲಿ ಉತ್ತರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ವಿದ್ಯಾವಂತನಾದ ಆ ಮಗ ಅಂತಹ ಉತ್ತರವನ್ನು ಒಪ್ಪುವುದಿಲ್ಲ. ಅವನು ಓದಿರುವುದರಲ್ಲಿ ಒಂದು ಪಾಲು ನಿಜವೂ ಇದೆ. ಆ ನಿಜವನ್ನು ನಿಜವೆಂದು ಒಪ್ಪಿಕೊಂಡ ಮೇಲೆಯೇ ಉಳಿದುದು ಏಕೆ ತಪ್ಪೆಂದು ಹೇಳುವ ಅಧಿಕಾರ ನಮಗೆ ಬರುತ್ತದೆ.

ಮೊದಲು ವಸ್ತುವಿನ ಪರಿಚಯವಾಗಲಿ. ಮೆಕ್ಸಿಕೋ ದೇಶದ ಮೂಲನಿವಾಸಿಗಳು ತಮ್ಮ ಧಾರ್ಮಿಕ ವಿಧಿಗಳಲ್ಲಿ ಬಳಸುತ್ತಿದ್ದ ಅಣಬೆಯೊಂದರಿಂದ ೧೯೫೮ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಸೈಲೋಸೈಬಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಎಲ್.ಎಸ್.ಡಿ. ಎಂಬ ಇನ್ನೊಂದು ವಸ್ತುವಿನ ಪ್ರಭಾವವನ್ನು ೧೯೪೩ರಲ್ಲಿ ಕಂಡುಕೊಂಡವರೂ ಅವರೇ. ಈ ವರ್ಗದ ದ್ರವ್ಯಗಳು ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಸವು ಕೂಡುವ ಗ್ರಾಹಕಗಳ ಪೈಕಿ ಒಂದು ಬಗೆಯದಕ್ಕೆ ಅಂಟಿಕೊಂಡು, ಕೆಲವು ಗಂಟೆಗಳ ಕಾಲ ಕಾಣುವುದನ್ನೂ ಕೇಳುವುದನ್ನೂ "ನಾನು" ಎಂಬ ಭಾವವನ್ನೂ ಅಲುಗಾಡಿಸಿಬಿಡುತ್ತವೆ.

ನಮ್ಮ ಬೇಲಿಯಂಚಿನ ಮದಗುಣಿಕೆಯನ್ನು, ಅಂದರೆ ಶಿವನಿಗೆ ಪ್ರಿಯವೆಂದು ಜನರು ಹೂವೇರಿಸುವ ಉಮ್ಮತ್ತಿಯನ್ನು, ಇದೇ ಸಾಲಿಗೆ ಸೇರಿಸುವವರುಂಟು. ಅದು ತಪ್ಪು. ಉಮ್ಮತ್ತಿಯ ಬೀಜ ಬೇರೆಯೇ ಮಾರ್ಗದಲ್ಲಿ ಕೆಲಸ ಮಾಡುತ್ತದೆ. ಬಾಯಿ ಒಣಗಿ, ಜ್ವರವೇರಿ, ಎದುರಿಗಿಲ್ಲದವರೊಡನೆ ಮಾತನಾಡುವ ಸನ್ನಿಯನ್ನು ತರುತ್ತದೆ. ಪ್ರಮಾಣ ಮೀರಿದರೆ ಪ್ರಾಣವನ್ನೇ ತೆಗೆಯುತ್ತದೆ. ಅದರಿಂದ ಖಿನ್ನತೆ ಗುಣವಾದೀತೆಂದು ಯಾವ ವೈದ್ಯನೂ ಇಂದು ಹೇಳುತ್ತಿಲ್ಲ.

ಇನ್ನು ಹಾರ್ಮೋನಿನ ವಿಚಾರ. ನಮ್ಮ ದೇಹದಲ್ಲಿ ನಾಳವಿಲ್ಲದೆ ನೇರವಾಗಿ ರಕ್ತಕ್ಕೆ ರಸವನ್ನು ಬಿಡುವ ನಿರ್ನಾಳ ಗ್ರಂಥಿಗಳಿವೆ. ಅವುಗಳಿಗೆಲ್ಲ ಒಡೆಯನಂತಿರುವ ಪಿಟ್ಯುಟರಿ ಗ್ರಂಥಿ ಮಿದುಳಿನ ತಳದಲ್ಲಿದೆ. ಅದು ಮಿದುಳಿನ ಅಪ್ಪಣೆಯಂತೆ ನಡೆಯುತ್ತದೆ. ಮನಸ್ಸಿಗೆ ಭಯವಾದರೆ ಪಿಟ್ಯುಟರಿಯಿಂದ ಒಂದು ರಸ ಹೊರಟು, ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ತಟ್ಟಿ ಎಬ್ಬಿಸುತ್ತದೆ. ಅಲ್ಲಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ಈ ಕಾರ್ಟಿಸಾಲ್ ಬೆಳಗಿನ ಜಾವ ಏರತೊಡಗಿ, ಎದ್ದ ಅರ್ಧ ಮುಕ್ಕಾಲು ಗಂಟೆಯೊಳಗೆ ತುದಿಗೆ ಮುಟ್ಟಿ, ಸಂಜೆಯ ಹೊತ್ತಿಗೆ ಇಳಿಯುತ್ತದೆ. ದೀರ್ಘಕಾಲದ ಖಿನ್ನತೆಯಲ್ಲಿ ಈ ಏರಿಳಿತದ ತಾಳ ಕೆಡುವುದುಂಟು. ಕೆಲವರಲ್ಲಿ ಅದು ಹೆಚ್ಚು, ಕೆಲವರಲ್ಲಿ ಕಡಿಮೆ. ಸೆರೊಟೋನಿನ್ನನ್ನು ಪತ್ರಿಕೆಗಳು "ಸಂತೋಷದ ಹಾರ್ಮೋನು" ಎಂದು ಕರೆಯುವುದನ್ನು ವಾಚಕರು ನೋಡಿರಬಹುದು. ದೇಹದ ಸೆರೊಟೋನಿನ್ನಿನ ಬಹುಪಾಲು ಇರುವುದು ಕರುಳಿನಲ್ಲಿ. ಅಲ್ಲಿಂದ ಅದು ಮಿದುಳನ್ನು ಹೊಗುವುದೂ ಇಲ್ಲ. ಮಿದುಳು ತನಗೆ ಬೇಕಾದುದನ್ನು ತಾನೇ ಮಾಡಿಕೊಳ್ಳುತ್ತದೆ. ಸಂತೋಷವನ್ನು ಒಂದು ರಸದ ಹೆಸರಿಗೆ ಬರೆದುಕೊಟ್ಟುಬಿಡುವುದು ಸುಲಭದ ಮಾತಷ್ಟೆ.

ಹಾಗಾದರೆ ಈ ಅಣಬೆಯ ಸತ್ತ್ವ ಹಾರ್ಮೋನುಗಳನ್ನು ಬದಲಿಸುವುದಿಲ್ಲವೆ? ಬದಲಿಸುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಎಂಟು ಮಂದಿ ಆರೋಗ್ಯವಂತರ ಮೇಲೆ ನಡೆದು ೨೦೦೪ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಚ್ಚಿನ ಪ್ರಮಾಣದ ಸೈಲೋಸೈಬಿನ್ ಕೊಟ್ಟಾಗ ಕಾರ್ಟಿಸಾಲ್, ಅದನ್ನು ಎಬ್ಬಿಸುವ ಪಿಟ್ಯುಟರಿಯ ರಸ, ಎದೆಹಾಲಿಗೆ ಕಾರಣವಾದ ಪ್ರೊಲ್ಯಾಕ್ಟಿನ್, ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು, ಇವೆಲ್ಲವೂ ಏರಿದವು. ಎಲ್.ಎಸ್.ಡಿ.ಯ ಅಧ್ಯಯನಗಳಲ್ಲಿ ಕಾರ್ಟಿಸಾಲ್ ಮತ್ತು ಪ್ರೊಲ್ಯಾಕ್ಟಿನ್ನುಗಳ ಜೊತೆಗೆ ಆಕ್ಸಿಟೋಸಿನ್ ಎಂಬ ಹಾರ್ಮೋನೂ ಏರಿತು. ಹೆರಿಗೆಯ ನೋವಿನಲ್ಲೂ ತಾಯಿ ಮಗುವಿಗೆ ಹಾಲೂಡುವಾಗಲೂ ಹೊಮ್ಮುವ ರಸ ಇದೇ.

ಗಮನಿಸಬೇಕಾದ ಸಂಗತಿಯೆಂದರೆ, ಜ್ಯೂರಿಕ್‌ನಲ್ಲಿ ಏರಿದ ಹಾರ್ಮೋನುಗಳು ಅದೇ ದಿನ, ಕೆಲವೇ ಗಂಟೆಗಳಲ್ಲಿ, ತಮ್ಮ ಮೊದಲಿನ ಮಟ್ಟಕ್ಕೆ ಇಳಿದುಬಿಟ್ಟವು. ಚಿಕಿತ್ಸೆಯ ಗುಣವೋ, ಕಂಡವರಲ್ಲಿ, ವಾರಗಳ ಕಾಲ, ಕೆಲವರಲ್ಲಿ ತಿಂಗಳುಗಳ ಕಾಲ ನಿಂತಿತು. ಸಂಜೆಗೇ ಇಳಿದುಹೋದ ಹೊಳೆಯ ನೀರು ಮುಂದಿನ ಬೇಸಿಗೆಯ ಗದ್ದೆಗೆ ಹೇಗೆ ಹರಿದೀತು? ಆದುದರಿಂದ "ಹಾರ್ಮೋನುಗಳನ್ನು ಸರಿಪಡಿಸಿ ಗುಣಪಡಿಸುತ್ತದೆ" ಎಂಬ ಮಾತು ನಿಲ್ಲುವುದಿಲ್ಲ. ಕಾರ್ಟಿಸಾಲಿನ ಏರಿಕೆಯಾದರೂ ಹೆಚ್ಚಾಗಿ ಆ ಅನುಭವದ ತೀವ್ರತೆಗೆ ದೇಹ ಕೊಡುವ ಪ್ರತಿಕ್ರಿಯೆ ಎಂದೇ ನನಗೆ ತೋರುತ್ತದೆ.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಒಂದು ಅಧ್ಯಯನವುಂಟು, ಅದನ್ನು ಮರೆಮಾಚುವುದು ಸರಿಯಲ್ಲ. ಬ್ರೆಜಿಲ್ ದೇಶದ ನಟಾಲ್ ನಗರದ ಸಂಶೋಧಕರು, ಅಮೆಜಾನ್ ಕಾಡಿನ ಜನರು ಬಳ್ಳಿ ಮತ್ತು ಎಲೆಗಳನ್ನು ಕುದಿಸಿ ಮಾಡುವ ಅಯಾವಾಸ್ಕ ಎಂಬ ಕಷಾಯವನ್ನು, ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯ ರೋಗಿಗಳಿಗೆ ಕೊಟ್ಟು ನೋಡಿದರು. ಆ ರೋಗಿಗಳಲ್ಲಿ ಬೆಳಗಿನ ಕಾರ್ಟಿಸಾಲಿನ ಏರಿಕೆ ಮಂದವಾಗಿತ್ತು. ಕಷಾಯ ಕುಡಿದ ನಲವತ್ತೆಂಟು ಗಂಟೆಗಳ ಬಳಿಕ ಅದು ಆರೋಗ್ಯವಂತರದಂತೆಯೇ ಕಂಡಿತು. ಬರಿಯ ಹುಸಿ ಔಷಧ ಕುಡಿದವರಲ್ಲಿ ಹಾಗಾಗಲಿಲ್ಲ. ೨೦೧೮ರಲ್ಲಿ ಪ್ರಕಟವಾದ ಈ ಫಲಿತಾಂಶ ಕುತೂಹಲಕರವೇ ಸರಿ. ಆದರೆ ಹಾರ್ಮೋನು ಸರಿಹೋದುದರಿಂದ ಮನಸ್ಸು ಸರಿಹೋಯಿತೋ, ಮನಸ್ಸು ಹಗುರಾದುದರಿಂದ ಹಾರ್ಮೋನು ತಾಳಕ್ಕೆ ಬಂದಿತೋ ಎಂಬುದನ್ನು ಎರಡು ದಿನಗಳ ಲೆಕ್ಕದಿಂದ ಹೇಳಲಾಗದು. ಜ್ವರ ಬಿಟ್ಟಾಗ ಬೆವರುತ್ತದೆ. ಬೆವರು ಜ್ವರವನ್ನು ಬಿಡಿಸಿತೆನ್ನುವಂತಿಲ್ಲ.

ಹಾಗಿದ್ದರೆ ಬಹುಕಾಲ ನಿಲ್ಲುವ ಗುಣ ಎಲ್ಲಿಂದ ಬಂದಿತು? ಈ ಪ್ರಶ್ನೆಗೆ ಇಲಿಗಳ ಮೇಲೆ ನಡೆದ ಎರಡು ಬಗೆಯ ಪ್ರಯೋಗಗಳು ದಾರಿ ತೋರಿಸಿವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ೨೦೨೧ರಲ್ಲಿ ಕಂಡಂತೆ, ಒಂದೇ ಸಲದ ಸೈಲೋಸೈಬಿನ್ನಿನಿಂದ ಇಲಿಯ ಮುಂಮಿದುಳಿನ ನರಕೋಶಗಳ ಕವಲುಗಳ ಮೇಲೆ ಹೊಸ ಮೊಳಕೆಗಳು ಒಂದು ದಿನದಲ್ಲಿ ಮೂಡಿದವು. ತಿಂಗಳ ನಂತರವೂ ಅವುಗಳಲ್ಲಿ ಕೆಲವು ಉಳಿದಿದ್ದವು. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಇಂತಹ ಮೊಳಕೆಗಳ ಮೂಲಕವೇ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಗುಲ್ ಡೋಲೆನ್ ಮತ್ತು ಸಂಗಡಿಗರು ೨೦೧೯ ಮತ್ತು ೨೦೨೩ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಸ್ವಾರಸ್ಯಕರ. ಎಳೆಯ ಇಲಿಗಳು ತಮ್ಮ ಸಂಗಡಿಗರ ಸಹವಾಸದಿಂದ ಸುಖವನ್ನು ಕಲಿಯುವ ಒಂದು ಕಾಲವುಂಟು. ಬೆಳೆದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಈ ದ್ರವ್ಯಗಳನ್ನು ಕೊಟ್ಟಾಗ ಬೆಳೆದ ಇಲಿಗಳಲ್ಲೂ ಅದು ಮತ್ತೆ ತೆರೆಯಿತು: ಕೆಟಮಿನ್ ಕೊಟ್ಟರೆ ಎರಡು ದಿನ, ಸೈಲೋಸೈಬಿನ್ ಕೊಟ್ಟರೆ ಎರಡು ವಾರ, ಎಲ್.ಎಸ್.ಡಿ. ಕೊಟ್ಟರೆ ಮೂರು ವಾರ. ಈ ಬಾಗಿಲು ತೆರೆಯುವ ಕೆಲಸದಲ್ಲಿ ಆಕ್ಸಿಟೋಸಿನ್ನಿಗೆ ಪಾತ್ರವಿದೆ. ಹಾರ್ಮೋನಿನ ಮಾತು ನಿಜವಾಗಿ ಸಲ್ಲುವುದು ಇಲ್ಲಿ: ರಕ್ತದಲ್ಲಿ ಎಷ್ಟು ಏರಿತು ಎಂಬುದಕ್ಕಿಂತ, ಅದಕ್ಕೆ ಓಗೊಡುವ ಶಕ್ತಿಯನ್ನು ಮಿದುಳು ಮರಳಿ ಪಡೆಯಿತೆ ಎಂಬುದರಲ್ಲಿ.

ರೈತರಾದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ಮೊದಲ ಮಳೆ ಬಿದ್ದಾಗ ಗಟ್ಟಿ ನೆಲ ಹದಕ್ಕೆ ಬರುತ್ತದೆ. ಹದ ಬಂದ ನೆಲ ಬೆಳೆಯಲ್ಲ. ಆ ಹದದಲ್ಲಿ ಬಿತ್ತಿದವನಿಗೆ ಭತ್ತ. ಬಿತ್ತದೆ ಬಿಟ್ಟವನಿಗೆ ಕಳೆ. ಮನಸ್ಸು ಹಾಗೆ ಹದಗೊಂಡ ದಿನಗಳಲ್ಲಿ ಪಕ್ಕದಲ್ಲಿ ಯಾರಿದ್ದರು, ಯಾವ ಮಾತು ಕಿವಿಗೆ ಬಿದ್ದಿತು, ಭಯ ಬಿತ್ತಲಾಯಿತೋ ಭರವಸೆ ಬಿತ್ತಲಾಯಿತೋ ಎಂಬುದರ ಮೇಲೆ ಫಲ ನಿಂತಿರುತ್ತದೆ.

ಪರದೇಶಗಳ ಆಸ್ಪತ್ರೆಗಳಲ್ಲಿ ಮಾಡುತ್ತಿರುವುದು ಇದನ್ನೇ. ಅಲ್ಲಿ ರೋಗಿಗೆ ಅಣಬೆಯನ್ನು ಕಿತ್ತು ಕೊಡುವುದಿಲ್ಲ. ಮಿಲಿಗ್ರಾಂ ಲೆಕ್ಕದಲ್ಲಿ ಅಳೆದ ಶುದ್ಧ ಸತ್ತ್ವವನ್ನು ಕೊಡುತ್ತಾರೆ. ಅದಕ್ಕೆ ಮೊದಲು ಹಲವು ಗಂಟೆಗಳ ಮಾತುಕತೆ. ಕೊಟ್ಟ ದಿನ ಆರರಿಂದ ಎಂಟು ಗಂಟೆ ತರಬೇತಾದವರು ಪಕ್ಕದಲ್ಲೇ ಕುಳಿತಿರುತ್ತಾರೆ. ಆಮೇಲೆ ಮತ್ತೆ ಮಾತುಕತೆ. ಇಷ್ಟೆಲ್ಲ ಮಾಡಿಯೂ ಬಂದ ಫಲವೆಷ್ಟು? ಜಾನ್ಸ್ ಹಾಪ್ಕಿನ್ಸ್‌ನ ಇಪ್ಪತ್ತನಾಲ್ಕು ಮಂದಿಯ ಸಣ್ಣ ಅಧ್ಯಯನದಲ್ಲಿ ವರ್ಷದ ನಂತರವೂ ಮುಕ್ಕಾಲು ಪಾಲು ಜನರಿಗೆ ಗುಣ ಉಳಿದಿತ್ತು ಎಂಬುದು ಎಲ್ಲೆಡೆ ಪ್ರಚಾರವಾಗಿದೆ. ಆದರೆ ೨೦೨೨ರಲ್ಲಿ ಪ್ರಕಟವಾದ, ೨೩೩ ಮಂದಿಯ ದೊಡ್ಡ ಅಧ್ಯಯನದ ಅಂಕಿಗಳನ್ನು ಯಾರೂ ಅಷ್ಟು ಹುರುಪಿನಿಂದ ಹೇಳುವುದಿಲ್ಲ. ಅದರಲ್ಲಿ ೨೫ ಮಿಲಿಗ್ರಾಂ ಪಡೆದವರಲ್ಲಿ ಮೂರನೆಯ ವಾರಕ್ಕೆ ಗುಣ ಕಂಡವರು ನೂರಕ್ಕೆ ೩೭. ನೆಪಮಾತ್ರಕ್ಕೆ ೧ ಮಿಲಿಗ್ರಾಂ ಪಡೆದವರಲ್ಲಿ ನೂರಕ್ಕೆ ೧೮. ಹನ್ನೆರಡನೆಯ ವಾರದವರೆಗೂ ಆ ಗುಣವನ್ನು ಉಳಿಸಿಕೊಂಡವರು ಕ್ರಮವಾಗಿ ೨೦ ಮತ್ತು ೧೦ ಮಾತ್ರ. ಸಾಯಬೇಕೆಂಬ ಯೋಚನೆ ಕೆಲವರಲ್ಲಿ ತಲೆಯೆತ್ತಿದ್ದೂ ದಾಖಲಾಗಿದೆ. ಆಸ್ಟ್ರೇಲಿಯ ದೇಶವು ೨೦೨೩ರ ಜುಲೈಯಿಂದ ಅಧಿಕಾರ ಪಡೆದ ಮನೋವೈದ್ಯರಿಗೆ ಸೈಲೋಸೈಬಿನ್ ಬಳಸಲು ಅನುಮತಿ ಕೊಟ್ಟಿದೆ; ಅಮೆರಿಕದ ಔಷಧ ನಿಯಂತ್ರಕರು ಇದಕ್ಕೆ ನೆರೆಯದಾದ ಎಂ.ಡಿ.ಎಂ.ಎ. ಎಂಬ ದ್ರವ್ಯದ ಚಿಕಿತ್ಸೆಯನ್ನು ೨೦೨೪ರ ಆಗಸ್ಟ್‌ನಲ್ಲಿ ತಿರಸ್ಕರಿಸಿದರು. ಬಾಗಿಲು ಮುಚ್ಚಿಲ್ಲ, ಪೂರ್ತಿ ತೆರೆದೂ ಇಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಈ ಅಧ್ಯಯನಗಳಲ್ಲಿ ರೋಗಿಗೆ ಆದ "ದಿವ್ಯಾನುಭವ"ವನ್ನು ಅಳೆಯಲು ಮೂವತ್ತು ಪ್ರಶ್ನೆಗಳ ಒಂದು ಪಟ್ಟಿಯಿದೆ. ಅದರಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಹೆಚ್ಚು ಗುಣವಾಯಿತೆಂದು ಹಲವು ಕಡೆ ಕಂಡಿದೆ. ಇದನ್ನು ಓದಿದ ನಮ್ಮ ಕೆಲವು ತರುಣರು ಶರಣರ ಅನುಭಾವವೂ ಇಂತಹದೇ ಒಂದು ರಸಾಯನವಲ್ಲವೆ ಎಂದು ಕೇಳುತ್ತಾರೆ. ಅಲ್ಲಮಪ್ರಭುಗಳ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಶಿಕಾರಿಪುರ ತಾಲೂಕಿನಲ್ಲೇ ಇರುವುದರಿಂದ ಆ ಸೀಮೆಯವರಿಗೆ ಈ ಪ್ರಶ್ನೆ ಮನೆಯೊಳಗಿನದು. ಕಾಯಕದಲ್ಲಿ, ದಾಸೋಹದಲ್ಲಿ, ಸಂಗದಲ್ಲಿ ವರ್ಷಾನುಗಟ್ಟಲೆ ಪಕ್ವವಾದುದು ಶರಣರ ಅರಿವು. ಆರು ಗಂಟೆಯಲ್ಲಿ ಬಂದು ಹೋಗುವ ಬೆರಗನ್ನು ಅದರೊಡನೆ ತೂಗಲು ನನಗೆ ಮನಸ್ಸಿಲ್ಲ. ಆದರೆ ಬೆರಗನ್ನು ಕಂಡ ರೋಗಿಯನ್ನು ಹೀಯಾಳಿಸಲೂ ಮನಸ್ಸಿಲ್ಲ. ಬಳಲಿದವನಿಗೆ ಬದುಕು ಒಮ್ಮೆ ಬೇರೆಯಾಗಿ ಕಂಡಿದ್ದರೆ ಅದೂ ಸಣ್ಣದಲ್ಲ.

ಕಾಡಿನ ವಸ್ತುವೊಂದು ಮನಸ್ಸಿನ ಔಷಧವಾದುದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ಚರಿತ್ರೆಯುಂಟು. ಮಲೆನಾಡಿನಲ್ಲೂ ಬೆಳೆಯುವ ಸರ್ಪಗಂಧಿಯ ಬೇರನ್ನು ನಮ್ಮ ಹಳೆಯ ವೈದ್ಯರು ಉನ್ಮಾದಕ್ಕೆ ಬಳಸುತ್ತಿದ್ದರು. ೧೯೩೧ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ರಕ್ತದೊತ್ತಡಕ್ಕೂ ಚಿತ್ತವಿಕಾರಕ್ಕೂ ಅದು ಒದಗುವುದನ್ನು ಬರೆದರು. ೧೯೪೯ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳ ಮೇಲೆ ಅದರ ಪ್ರಭಾವವನ್ನು ಲಂಡನ್ನಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಕಣ್ತೆರೆಯಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನವರು ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ತೆಗೆದರು. ಅಮೆರಿಕದ ಹುಚ್ಚಾಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳಿಗೆ ಅದನ್ನು ಕೊಟ್ಟರು. ಆಮೇಲೆ ತಿಳಿದದ್ದೇನು? ಆ ಬೇರು ಮಿದುಳಿನ ಸೆರೊಟೋನಿನ್ ಮುಂತಾದ ರಸಗಳ ಉಗ್ರಾಣವನ್ನೇ ಬರಿದುಮಾಡುತ್ತದೆ. ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುತ್ತದೆ. ಅದನ್ನು ಸೇವಿಸಿದವರಲ್ಲಿ ಕೆಲವರು ಖಿನ್ನತೆಗೆ ಜಾರಿದರೆಂದು ವೈದ್ಯರು ವರದಿ ಮಾಡಿದರು. ಖಿನ್ನತೆಗೂ ಮಿದುಳಿನ ರಸಗಳಿಗೂ ಸಂಬಂಧವಿರಬಹುದೆಂಬ ಊಹೆ ಬೆಳೆದುದರಲ್ಲಿ, ಇಂದಿನ ಮಾತ್ರೆಗಳು ಹುಟ್ಟಿದುದರಲ್ಲಿ, ಈ ಬೇರಿನ ಪಾಲಿದೆ. ಮಠದ ಪಾಠಶಾಲೆಯಲ್ಲಿ ನಮಗೆ ಸಂಸ್ಕೃತ ಕಲಿಸಿದ ಗುರುಗಳು, ವಿಷವೂ ಯುಕ್ತಿಯಿಂದ ಔಷಧವಾಗುತ್ತದೆ ಎಂಬ ಅರ್ಥದ ಶ್ಲೋಕವನ್ನು ವಿವರಿಸುವಾಗ "ಯುಕ್ತಿ" ಎಂಬ ಪದದ ಮೇಲೆ ಅರ್ಧ ಗಂಟೆ ನಿಲ್ಲುತ್ತಿದ್ದರು. ಆಗ ನಮಗೆ ಆಕಳಿಕೆ ಬರುತ್ತಿತ್ತು.

ಈಗ ಆ ತಾಯಿಯ ಬ್ಯಾಣಕ್ಕೆ ಬರೋಣ. ಸಗಣಿಯ ಮೇಲೆ ಏಳುವ ಅಣಬೆಗಳಲ್ಲಿ ಸೈಲೋಸೈಬಿನ್ ಇರುವ ಜಾತಿ ಭಾರತದಲ್ಲಿ ಉಂಟು. ಆದರೆ ಹುತ್ತದ ಅಣಬೆಯನ್ನು ಕಣ್ಣುಮುಚ್ಚಿ ಗುರುತಿಸುವ ಮಲೆನಾಡಿನ ಅಜ್ಜಿಯೂ ಇದನ್ನು ಗುರುತಿಸಲಾರಳು. ಸಣ್ಣ, ಕಂದು ಬಣ್ಣದ, ಒಂದರಂತೆ ಒಂದು ಕಾಣುವ ನಾಯಿಕೊಡೆಗಳಲ್ಲಿ ಕೆಲವು ಯಕೃತ್ತನ್ನು ನಾಶಮಾಡುವ ವಿಷವುಳ್ಳವು. ಆ ವಿಷ ತಿಂದೊಡನೆ ತೋರುವುದಿಲ್ಲ. ಆರೆಂಟು ಗಂಟೆ ಕಳೆದ ಮೇಲೆ ವಾಂತಿಭೇದಿ, ನಡುವೆ ಒಂದು ದಿನ ಸುಧಾರಿಸಿದಂತೆ ಕಂಡು, ಅನಂತರ ಕಾಮಾಲೆ. ಆ ವೇಳೆಗೆ ಬಹಳ ತಡವಾಗಿರುತ್ತದೆ. ಸರಿಯಾದ ಅಣಬೆಯೇ ಸಿಕ್ಕಿತೆನ್ನಿ, ಒಂದು ಕೊಡೆಯಲ್ಲಿ ಎಷ್ಟು ಸತ್ತ್ವವಿದೆಯೆಂದು ಅಳೆಯುವವರಾರು? ಸೈಲೋಸೈಬಿನ್ ೧೯೮೫ರ ಮಾದಕ ವಸ್ತುಗಳ ಕಾಯಿದೆಯ ಪಟ್ಟಿಯಲ್ಲಿದೆ. ಪೊಲೀಸು ಕಚೇರಿಯ ಮೆಟ್ಟಿಲು ಹತ್ತಿದ ಮಗನ ಖಿನ್ನತೆ ಇಳಿಯಲಾರದು.

ಅದಕ್ಕಿಂತ ಹತ್ತಿರದ ಅಪಾಯವೊಂದಿದೆ. ಸಂಶೋಧಕರು ತಮ್ಮ ಪ್ರಯೋಗಗಳಿಗೆ ಸೇರಿಸಿಕೊಳ್ಳುವ ಮೊದಲು, ರೋಗಿಯ ಮನೆತನದಲ್ಲಿ ಚಿತ್ತವಿಭ್ರಮೆ ಅಥವಾ ಏರಿಳಿತದ ಉನ್ಮಾದ ಇದ್ದವರನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ; ಏಕೆಂದರೆ ಅಂತಹವರಲ್ಲಿ ಈ ದ್ರವ್ಯ ಸುಪ್ತವಾಗಿದ್ದ ಹುಚ್ಚನ್ನು ಎಬ್ಬಿಸಬಹುದು. ನಮ್ಮಲ್ಲಿ ಅಜ್ಜನ ತಮ್ಮನಿಗೆ ಏನಾಗಿತ್ತೆಂದು ಮಕ್ಕಳಿಗೆ ಹೇಳುವ ರೂಢಿಯೇ ಇಲ್ಲ. ಶಿಕಾರಿಪುರದ ಊರದೇವರಿಗೆ ಹುಚ್ಚುರಾಯಸ್ವಾಮಿ ಎಂದೇ ಹೆಸರು. ದೇವರ ಹೆಸರಿನಲ್ಲಿ ನಿಸ್ಸಂಕೋಚವಾಗಿ ಹೇಳುವ ಪದವನ್ನು ಮನೆಯ ವಿಷಯದಲ್ಲಿ ನುಂಗಿಬಿಡುತ್ತೇವೆ. ಲಿಥಿಯಂ ಮಾತ್ರೆ ಸೇವಿಸುವವರು ಇಂತಹ ದ್ರವ್ಯ ಸೇವಿಸಿ ಸೆಳವಿಗೆ ಒಳಗಾದ ವರದಿಗಳಿವೆ. ಖಿನ್ನತೆಯ ಮಾತ್ರೆಗಳನ್ನು, ಅಣಬೆಗೆ ಜಾಗ ಮಾಡಿಕೊಡಲೆಂದು, ಹಠಾತ್ತಾಗಿ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ತಳಮಳ ಕಾಣಿಸಬಹುದು; ಹಳೆಯ ಕತ್ತಲೆ ಮರಳಬಹುದು. ಮಗ ಮಾತ್ರೆಯನ್ನು ಈಗಾಗಲೇ ಬಿಟ್ಟಿದ್ದಾನೆಯೆ ಎಂಬುದನ್ನು ತಾಯಿ ಮೊದಲು ವಿಚಾರಿಸಲಿ.

ಹಾರ್ಮೋನು ಸರಿಪಡಿಸಬೇಕೆಂಬ ಆಸೆ ಮಗನಿಗಿದ್ದರೆ ಅದಕ್ಕೂ ಯೋಗ್ಯವಾದ ದಾರಿಯುಂಟು. ಥೈರಾಯ್ಡ್ ಗ್ರಂಥಿ ಸೊರಗಿದಾಗ ಆಯಾಸ, ಮಂಕು, ನಿರಾಸಕ್ತಿ ಬಂದು ಖಿನ್ನತೆಯಂತೆಯೇ ತೋರುತ್ತದೆ. ಮಾತ್ರೆಗಳಿಗೆ ಬಗ್ಗದ ಖಿನ್ನತೆಯ ಹಿಂದೆ ಇದು ಅಡಗಿರುವುದೂ ಉಂಟು. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಹೆರಿಗೆಯಾದ ಸೊಸೆಯಂದಿರ ಮಂಕನ್ನು ಸೋಮಾರಿತನವೆಂದು ಜರೆಯುವ ಅತ್ತೆಯರೂ ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು.

ಎರಡು ಮೂರು ಬಗೆಯ ಮಾತ್ರೆಗಳಿಂದಲೂ ಗುಣವಾಗದಿದ್ದರೆ ಮನೋವೈದ್ಯರ ಬಳಿ ಬೇರೆ ಉಪಾಯಗಳಿವೆ. ಶಸ್ತ್ರಚಿಕಿತ್ಸೆಯ ಅರಿವಳಿಕೆಗೆ ಬಳಸುವ ಕೆಟಮಿನ್ ಅವುಗಳಲ್ಲೊಂದು. ೨೦೦೦ದಲ್ಲಿ ಏಳೇ ಮಂದಿ ರೋಗಿಗಳ ಅಧ್ಯಯನವೊಂದು ಅದರ ಕಡೆಗೆ ಲೋಕದ ಗಮನ ಸೆಳೆಯಿತು. ನಮ್ಮ ದೇಶದಲ್ಲೂ ಆಯ್ದ ರೋಗಿಗಳಿಗೆ ಆಸ್ಪತ್ರೆಯ ನಿಗಾದಲ್ಲಿ ಅದನ್ನು ಕೊಡುತ್ತಾರೆ. ಅದರ ಗುಣ ಗಂಟೆಗಳಲ್ಲಿ ಕಂಡು ಕೆಲವು ದಿನಗಳಲ್ಲಿ ಕರಗುವುದೇ ಹೆಚ್ಚು. ಮನಸ್ಸಿನ ಮೇಲಿನ ಅದರ ಪ್ರಭಾವ ಅಣಬೆಯದಕ್ಕೆ ಹತ್ತಿರವೆನ್ನಬಹುದಾದರೂ ಅದು ಬೇರೆಯೇ ವರ್ಗದ್ದು.

ಚಿಕಿತ್ಸೆಯ ಸೌಕರ್ಯ ಬೆಂಗಳೂರಿನಲ್ಲಿ ಮಾತ್ರ ಇದೆಯೆಂದು ಭಾವಿಸಬೇಕಾಗಿಲ್ಲ. ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ೨೦೦೫ರಿಂದ ತೀವ್ರ ಮನೋರೋಗಿಗಳನ್ನು ಹಳ್ಳಿಗಳಲ್ಲೇ ಹುಡುಕಿ, ಮನೆಯವರಿಗೆ ತಿಳಿಹೇಳಿ, ಔಷಧ ತಪ್ಪದಂತೆ ನೋಡಿಕೊಂಡು ನಡೆಸಿದ ಕಾರ್ಯದಿಂದ, ಮೂಲೆ ಹಿಡಿದಿದ್ದ ಎಷ್ಟೋ ಮಂದಿ ದುಡಿಮೆಗೆ ಮರಳಿದ್ದಾರೆ. ಅಲ್ಲಿ ಹೊಸ ರಸಾಯನವೇನೂ ಇರಲಿಲ್ಲ. ಅಗ್ಗದ ಹಳೆಯ ಮಾತ್ರೆಗಳು ಮತ್ತು ಬಿಡದೆ ಬಾಗಿಲು ತಟ್ಟಿದ ಕಾರ್ಯಕರ್ತರು. ರಾಜ್ಯ ಸರ್ಕಾರ ೨೦೧೪ರಲ್ಲಿ ಆರಂಭಿಸಿದ ಮನೋಚೈತನ್ಯ ಯೋಜನೆಯಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು ಆಯಿತು. ಶಿಕಾರಿಪುರ, ಸೊರಬಗಳ ಓದುಗರು ತಮ್ಮ ಆಸ್ಪತ್ರೆಯಲ್ಲಿ ದಿನವನ್ನು ವಿಚಾರಿಸಿಕೊಳ್ಳಲಿ. ಬಳ್ಳಿಗಾವಿಯ ಕೋಡಿಯಮಠವನ್ನು ಕೊಂಡಾಡುವ ಕ್ರಿ.ಶ. ೧೧೬೨ರ ಶಾಸನವು, ವ್ಯಾಕರಣ ದರ್ಶನಗಳ ಪಾಠವನ್ನು ಹೇಳಿದ ಉಸಿರಿನಲ್ಲೇ, ಅನಾಥರಾದ ರೋಗಿಗಳಿಗೆ ಅಲ್ಲಿ ಔಷಧ ದೊರೆಯುತ್ತಿತ್ತೆಂದು ದಾಖಲಿಸಿದೆ. ಕಾಳಾಮುಖರ ಆ ಮಠದಿಂದ ಇಂದಿನ ತಾಲೂಕು ಆಸ್ಪತ್ರೆ ದೂರವಿಲ್ಲ.

ಮಗನು ತಾನು ಓದಿದುದನ್ನು ಮುಚ್ಚಿಡದೆ ವೈದ್ಯರ ಮುಂದಿಡಲಿ. ಬೈಯುವ ವೈದ್ಯರಾದರೆ ಬೇರೆಯವರನ್ನು ನೋಡಲಿ. ತಾಯಿ ಜೊತೆಗೆ ಹೋಗಿ, ಮನೆತನದ ಹಳೆಯ ಕಾಯಿಲೆಗಳನ್ನು ತಾವೇ ಹೇಳಲಿ. ರಾತ್ರಿ ವೇಳೆಯಲ್ಲಿ ಮಗನ ಮಾತು ದಿಕ್ಕುತಪ್ಪಿದರೆ, ಸಾವಿನ ಸುದ್ದಿ ಬಂದರೆ, ಬೆಳಗಾಗಲೆಂದು ಕಾಯಬಾರದು. ೨೦೨೨ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರ ನಡೆಸುತ್ತಿರುವ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು.